ವಠಾರಕ್ಕೆ ಬಂದ ಬೀಗರು

ಮುತ್ತಣ್ಣ ಪೀಣ್ಯದಿಂದ ಜಿಗಣಿಗೆ ಹೋಗುವುದನ್ನು ಅವನ ರೂಮಿನವರು ‘ಫಾರಿನ್ ಟೂರು’ ಎನ್ನುತ್ತಿದ್ದರು. ಬೆಂಗಳೂರಿನ ಆ ತುದಿಯಿಂದ ಈ ತುದಿಗೆ, ನಡುವೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೊಂದು ಬಕೆಟ್ಟು ಇಟ್ಟುಕೊಂಡು ಮಾಡುವ ಪ್ರಯಾಣಕ್ಕೆ ಅದಕ್ಕಿಂತ ಸಣ್ಣ ಹೆಸರು ಒಪ್ಪುವುದೂ ಇಲ್ಲ. ಪೀಣ್ಯಕ್ಕೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ಅದರ ಕಂಬಗಳು ಮಾತ್ರ ಬಂದು, ಇದ್ದ ರಸ್ತೆಯನ್ನೂ ಅರ್ಧ ತಿಂದು ನಿಂತಿದ್ದವು. ಅವನು ಜಿಗಣಿ ಮುಟ್ಟುವಷ್ಟರಲ್ಲಿ, ಅದೇ ಹೊತ್ತಿಗೆ ಊರ ಕಡೆಯ ಬಸ್ಸು ಹತ್ತಿದವನು ಸಿರಾದಲ್ಲಿ ಇಳಿದು ಚಹಾ ಕುಡಿಯುತ್ತಿರುತ್ತಿದ್ದ.

ಬಕೆಟ್ಟಿನ ವಿಷಯ ಹೇಳಿಬಿಡಬೇಕು. ಮುತ್ತಣ್ಣ ಕೆಲಸ ಮಾಡುತ್ತಿದ್ದುದು ಪ್ಲಾಸ್ಟಿಕ್ ಸಾಮಾನಿನ ಕಾರ್ಖಾನೆಯಲ್ಲಿ. ಅಚ್ಚಿನಿಂದ ಸೊಟ್ಟಗೆ ಬಂದ ಬಕೆಟ್ಟು, ಮಗ್ಗು, ಜರಡಿಗಳನ್ನು ಅಲ್ಲಿ ‘ರಿಜೆಕ್ಟ್’ ಎಂದು ಬದಿಗೆ ಹಾಕುತ್ತಿದ್ದರು. ಶನಿವಾರ ಬೇಕಾದವರು ಒಯ್ಯಬಹುದಿತ್ತು. ಹೀಗಾಗಿ ಜಿಗಣಿಯಲ್ಲಿದ್ದ ಅವನ ಗೆಳೆಯ ಹನುಮೇಶನ ಮನೆಯಲ್ಲಿ ನೀರು ಹಿಡಿಯುವ ಯಾವ ವಸ್ತುವೂ ನೆಟ್ಟಗಿರಲಿಲ್ಲ. ಒಂದರ ಹಿಡಿಕೆ ವಾಲಿತ್ತು. ಇನ್ನೊಂದನ್ನು ನೆಲದ ಮೇಲಿಟ್ಟರೆ ಏನನ್ನೋ ಯೋಚಿಸುವವರಂತೆ ಸ್ವಲ್ಪ ಹೊತ್ತು ಅಲ್ಲಾಡಿ, ಆಮೇಲೆ ನಿಲ್ಲುತ್ತಿತ್ತು.

ಆ ಶನಿವಾರದ ಬಕೆಟ್ಟು ಮಾತ್ರ ಬೇರೆ. ಕೆಂಪು ಬಣ್ಣದ್ದು, ನೆಟ್ಟಗಿನದು, ಅಂಗಡಿಯಿಂದ ಕೊಂಡದ್ದು. ಕಾರ್ಖಾನೆ ಮುಂದಿನ ತಿಂಗಳು ತುಮಕೂರಿನ ಆಚೆಗೆ ಎತ್ತಂಗಡಿಯಾಗಲಿತ್ತು, ಜೊತೆಗೆ ಮುತ್ತಣ್ಣನೂ. ಅಲ್ಲಿಂದ ಶನಿವಾರ ಜಿಗಣಿಗೆ ಹೊರಟರೆ, ಭಾನುವಾರ ವಾಪಸು ಹೊರಡುವ ಹೊತ್ತಿಗೆ ತಲುಪಬಹುದು. ಹನುಮೇಶನ ಹೆಂಡತಿ ಸವಿತಾಳ ತಂಗಿ ಮಹಾದೇವಿ ಅದೇ ಮನೆಯಲ್ಲಿದ್ದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ನನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಬೇಕೆಂದೇ ಮುತ್ತಣ್ಣ ಎರಡು ವರ್ಷದಿಂದ ಬಕೆಟ್ಟು ಹೊರುತ್ತಿದ್ದ. ಈ ಸಲ ಕೇಳದಿದ್ದರೆ ಇನ್ನು ಕೇಳಿದ ಹಾಗೆಯೇ.

ಕೇಳುವ ಧೈರ್ಯ ಹೇಗೋ ಒದಗಿತ್ತು; ಕೇಳುವ ಜಾಗ ಇರಲಿಲ್ಲ. ಹನುಮೇಶನದು ಒಂದೂವರೆ ಕೋಣೆಯ ಮನೆ. ಶನಿವಾರ ಬಂತೆಂದರೆ ಅಲ್ಲಿಗೆ ವೈಟ್‌ಫೀಲ್ಡಿನಿಂದ ಅಮರಪ್ಪ ಹೆಂಡತಿ ಬಸಕ್ಕನೊಂದಿಗೆ ಬಂದಿಳಿಯುತ್ತಿದ್ದ. ಎಲ್ಲರೂ ಕುಷ್ಟಗಿ ಕಡೆಯವರು. ಅಮರಪ್ಪ ದೊಡ್ಡದೊಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್ನು. ವಾರವಿಡೀ ಸಾರ್, ಮೇಡಂ ಬಿಟ್ಟು ಬೇರೆ ಮಾತಾಡಲು ಅವಕಾಶವಿಲ್ಲದವನು. ಆ ಬಾಕಿಯನ್ನೆಲ್ಲ ಶನಿವಾರ ಸಂಜೆಯಿಂದ ಭಾನುವಾರ ಸಂಜೆಯೊಳಗೆ ತೀರಿಸಿಕೊಳ್ಳುತ್ತಿದ್ದ.

ಇಷ್ಟು ಜನ ಬರುವಾಗ ಮೊದಲ ಚಿಂತೆ ನೀರಿನದು. ವಠಾರದ ಒಡತಿ ರಾಮಮ್ಮ ಬೆಳಿಗ್ಗೆ ಒಂದು ಗಂಟೆ ನೀರು ಬಿಟ್ಟು ವಾಲ್ವು ತಿರುಗಿಸಿಬಿಡುತ್ತಿದ್ದಳು. ಆಮೇಲೆ ಯಾರಾದರೂ ಬಂದರೆ ಅವರು ತಮ್ಮ ನೀರು ತಾವೇ ತಂದುಕೊಳ್ಳಬೇಕೆಂಬುದು ಅವಳ ಅಭಿಪ್ರಾಯ. ಆ ಬೆಳಿಗ್ಗೆ ಸವಿತಾ ಮಹಾದೇವಿಯನ್ನು ಕರೆದು, “ಮಂದಿ ಬರ್ತಾರಂತ ಹೇಳಿ, ಇನ್ನೊಂದೀಟು ನೀರು ಬಿಡಸ್ಕೊಂಡು ಬಾ” ಎಂದಳು. ಮಹಾದೇವಿ ಹೋಗಿ, “ಇವತ್ತು ನಮ್ಮನಿಗೆ ಬೀಗರು ಬರ್ತಾರ್ರಿ, ನೀರು ಜಾಸ್ತಿ ಬೇಕಾಗಿತ್ತು” ಎಂದಳು.

ಕುಷ್ಟಗಿ ಕಡೆ ಬೀಗರು ಎಂದರೆ ಬಂದು ಹೋಗುವ ನೆಂಟರಿಷ್ಟರೆಲ್ಲ ಬೀಗರೇ. ಗೆಳೆಯರು ಕೂಡ ಚಹಾದಂಗಡಿಯಲ್ಲಿ ಒಬ್ಬರನ್ನೊಬ್ಬರು “ಏನೋ ಬೀಗಾ” ಎಂದು ಕರೆದುಕೊಳ್ಳುತ್ತಾರೆ. ಆನೇಕಲ್ ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಬೀಗರೆಂದರೆ ಹೆಣ್ಣು ಕೊಟ್ಟು ತಂದುಕೊಂಡವರು ಮಾತ್ರ. ಆ ಪದದ ಬೆನ್ನಿಗೇ ಬೀಗರೂಟ, ಅಂದರೆ ಮುದ್ದೆ ಮತ್ತು ಕುರಿ ಸಾರು ಬರುತ್ತವೆ. ರಾಮಮ್ಮನ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು. ಬೀಗರೂಟದ ಮೇಲಿನ ಅವಳ ಪ್ರೀತಿಯನ್ನು ಮಾತ್ರ ಸರಕಾರ ಸ್ವಾಧೀನಪಡಿಸಿಕೊಂಡಿರಲಿಲ್ಲ. ಈ ಮನೆಯಲ್ಲಿ ಮದುವೆಗೆ ಇರುವವಳು ಮಹಾದೇವಿಯೊಬ್ಬಳೇ. ರಾಮಮ್ಮನ ರವಿಕೆಗಳನ್ನೆಲ್ಲ ಬಿಗಿ ಸಡಿಲ ಮಾಡಿಕೊಡುವ ಹುಡುಗಿ. ಗಂಡಿನ ಕಡೆಯವರು ಬರುತ್ತಿದ್ದಾರೆ! ಆಗುವ ಮುಂಚೆ ಬಾಯಿ ಬಿಟ್ಟರೆ ದೃಷ್ಟಿಯಾದೀತೆಂದು ರಾಮಮ್ಮ ಏನೂ ಕೇಳದೆ, ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು: “ಮೋಟ್ರು ಆಕಿ.”

ಇದೆಲ್ಲ ಮುತ್ತಣ್ಣನಿಗೆ ತಿಳಿದದ್ದು ಆಮೇಲೆ. ಸಂಜೆ ಅವನು ಬಂದಾಗ ಗೇಟಿನಲ್ಲಿ ರಾಮಮ್ಮ ಚೊಂಬು ಹಿಡಿದು ನಿಂತಿದ್ದಳು. “ಮಾಲಕ್ರು ಭಾಳ ಸ್ಟ್ರಿಕ್ಟ್, ಕೇಳಿದ್ದಕ್ಕ ನೆಟ್ಟಗ ಜವಾಬು ಕೊಡು” ಎಂದು ಹನುಮೇಶ ಎಂದೋ ಹೇಳಿದ್ದು ನೆನಪಿತ್ತು. ಈವರೆಗೆ ಆಕೆ ಅವನನ್ನು ಮಾತಾಡಿಸಿರಲಿಲ್ಲ. ಅವನ ಕೈಯ ಬಕೆಟ್ಟುಗಳನ್ನಷ್ಟೇ ಸಂಶಯದಿಂದ ನೋಡುತ್ತಿದ್ದಳು.

“ಬಾಪ್ಪಾ, ಕಾಲ್ ತೊಳ್ಕೊ. ನೀನೇ ಏನಪ್ಪಾ ಹುಡ್ಗ?”

ಮುತ್ತಣ್ಣ ತನ್ನನ್ನು ತಾನು ಒಮ್ಮೆ ನೋಡಿಕೊಂಡ. ಅಲ್ಲ ಎನ್ನಲು ಕಾರಣ ಕಾಣಲಿಲ್ಲ. “ಹೌದ್ರಿ” ಎಂದ.

“ಜತೇಲಿ ದೊಡ್ಡೋರು ಯಾರೂ ಬರ್ಲಿಲ್ವಾ?”

“ಅಮರಪ್ಪ ಬರಾಕತ್ತಾನ್ರಿ. ಮಾರತ್ತಹಳ್ಳ್ಯಾಗ ಟ್ರಾಫಿಕ್ ಅಂತ.”

“ಅವ್ರು ನಿಂಗೇನಾಗ್ಬೇಕು?”

“ಮಾವ ಅಂತೀನ್ರಿ.”

ರಾಮಮ್ಮ ತಲೆದೂಗಿದಳು. ಸೋದರಮಾವ ಬರುವುದೇ ಪದ್ಧತಿ. “ಕುಡಿಯೋದು ಗಿಡಿಯೋದು?”

“ಚಹಾ ಅಷ್ಟರೀ.”

“ಬೀಡಿ?”

“ಇಲ್ರಿ.”

“ಊರಾಗೆ ಒಲ ಐತಾ?”

ಒಂದು ರಾತ್ರಿ ತಾರಸಿಯ ಮೇಲೆ ಮಲಗಲು ಬಂದವನಿಗೆ ಹೊಲ ಏಕಿರಬೇಕೆಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ಆದರೆ ಬೆಂಗಳೂರಿನಲ್ಲಿ ಬಾಡಿಗೆ ರೂಮು ಹುಡುಕಿದವನಿಗೆ ಯಾವ ಪ್ರಶ್ನೆಯೂ ವಿಚಿತ್ರವಾಗಿ ಕೇಳುವುದಿಲ್ಲ. “ಸ್ವಲ್ಪ ಐತ್ರಿ, ಅಣ್ಣ ನೋಡಿಕೊಳ್ತಾನ” ಎಂದ.

“ಮತ್ತೆ, ನೀನೆಂಗ್ ನೋಡ್ಕತೀಯ?”

“ಯಾವುದನ್ರಿ?”

“ಅದೇ ಕಣಪ್ಪಾ, ಬಂದ್ಮೇಲೆ!”

“ಭಾಳ ಹುಷಾರಿಯಿಂದ ಇರ್ತೀನ್ರಿ” ಎಂದ ಮುತ್ತಣ್ಣ. “ನೀರು ಅಗದೀ ಕಡಿಮಿ ಬಳಸ್ತೀನಿ.”

ಹೆಂಡತಿಯನ್ನು ಹೇಗೆ ನೋಡಿಕೊಳ್ಳುತ್ತೀ ಎಂದರೆ ನೀರು ಕಡಿಮೆ ಬಳಸುತ್ತೇನೆ ಎನ್ನುವ ಗಂಡನ್ನು ರಾಮಮ್ಮ ಈವರೆಗೆ ಕಂಡಿರಲಿಲ್ಲ. ಯೋಚಿಸಿದಷ್ಟೂ ಅದು ಒಳ್ಳೆಯ ಉತ್ತರವೆಂದೇ ಅನ್ನಿಸಿತು. “ಓಗು, ಒಳೀಕ್ ಓಗು” ಎಂದು ಚೊಂಬು ಹಿಡಿದೇ ದಾರಿ ಬಿಟ್ಟಳು.

ಒಳಗೆ ಕಾಲಿಡುತ್ತಲೇ ಮಹಾದೇವಿ ಬಕೆಟ್ಟನ್ನು ಇಸಕೊಂಡಳು. ಪ್ರತಿಸಲದಂತೆ ತಿರುಗಿಸಿ ಮುರುಗಿಸಿ ಐಬು ಹುಡುಕಿದಳು. ಗಾರ್ಮೆಂಟ್ಸಿನಲ್ಲಿ ಅವಳ ಕೆಲಸವೇ ಅದು: ಹೊಲಿದ ಅಂಗಿಗಳಲ್ಲಿ ತಪ್ಪು ಹುಡುಕುವುದು.

“ಇದಕ್ಕೇನಾಗೇತಿ?”

“ಏನೂ ಆಗಿಲ್ಲ” ಎಂದ ಮುತ್ತಣ್ಣ.

“ಮತ್ತ ರಿಜೆಕ್ಟ್ ಯಾಕಾತು?”

“ಆಗಿಲ್ಲ.”

ಅವಳು ಅವನನ್ನು ನೋಡಿದಳು. ಬಕೆಟ್ಟನ್ನು ಇನ್ನೊಮ್ಮೆ ನೋಡಿದಳು. ಆಗ ಕೇಳಬಹುದಿತ್ತು. ಮುತ್ತಣ್ಣ ಬಾಯಿ ತೆರೆದೂ ಇದ್ದ. ಹೊರಗಿನಿಂದ ಅಮರಪ್ಪನ ದನಿ ಬಂತು: “ಏ ಬೀಗಾ! ಜಿಗಣಿ ಅಂದ್ರ ತಮಿಳ್ನಾಡು ಅಲ್ಲೇನೋ? ಕಂಡಕ್ಟರ್‌ಗ ಪಾಸ್‌ಪೋರ್ಟ್ ತೋರ್ಸೇನಿ ನಾ!”

ಸಂಜೆ ಹೀಗೇ ಹೋಯಿತು. ಸವಿತಾ ರೊಟ್ಟಿ ಬಡಿದಳು, ಬಸಕ್ಕ ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ತಾರಸಿಯ ಮೇಲೆ ಚಾಪೆ ಹಾಸಿ ಎಲ್ಲರೂ ಉಂಡರು. ನೀರು ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಧಾರಾಳವಾಗಿ ಬರುತ್ತಲೇ ಇತ್ತು. ಅಕ್ಕಪಕ್ಕದ ಬಾಡಿಗೆದಾರರು ಕೊಡ ಹಿಡಿದು ಹೊರಬಂದು, ಇದು ಯಾವ ಹಬ್ಬವೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. “ಬಾಡಿಗಿ ಏರಸಾಕ ನಿಂತಾಳ, ಇನ್ನೇನಲ್ಲ” ಎಂದ ಹನುಮೇಶ.

ಮಹಾದೇವಿ ಒಣಗಿದ ಬಟ್ಟೆ ತೆಗೆಯಲು ತಂತಿಯ ಬಳಿ ಹೋದಾಗ ಮುತ್ತಣ್ಣ ಕ್ಲಿಪ್ಪು ಹಿಡಿಯುವ ನೆಪದಲ್ಲಿ ಎದ್ದ. ಅಮರಪ್ಪ ಅವನ ಕೈ ಹಿಡಿದು ಕೂರಿಸಿ, ಹದಿಮೂರನೆಯ ಮಹಡಿಯ ಮೇಡಂ ತಮ್ಮ ನಾಯಿಯೊಂದಿಗೆ ಲಿಫ್ಟಿನಲ್ಲಿ ಸಿಕ್ಕಿಕೊಂಡ ಪ್ರಸಂಗ ಶುರುಮಾಡಿದ. ಮೇಡಂ ಹೊರಗೆ ಬರುವಷ್ಟರಲ್ಲಿ ಬಟ್ಟೆಗಳೆಲ್ಲ ಮಡಿಸಿಯಾಗಿತ್ತು.

ಭಾನುವಾರ ಬೆಳಿಗ್ಗೆ ಬನ್ನೇರುಘಟ್ಟ. ಜಿಗಣಿಯವರಿಗೆ ಅದು ಹಿತ್ತಲಿದ್ದಂತೆ. ನೆಂಟರು ಬಂದರೆ ಹುಲಿ ತೋರಿಸಿ ಕಳಿಸುವುದು ವಾಡಿಕೆ. ಹೊರಡುವಾಗ ರಾಮಮ್ಮ ಅಡ್ಡ ಬಂದು, “ಮದ್ಯಾನ ಊಟ ನಮ್ಮನೇಲಿ, ಎಲ್ರಿಗೂ. ಬ್ಯಾಡ ಅನ್ಬಾರ್ದು” ಎಂದಳು. ಸವಿತಾಳ ಮುಖ ಇಳಿಯಿತು. “ಬಾಡಿಗಿ ಭಾಳಾನ ಏರಸ್ತಾಳ” ಎಂದಳು ಗೇಟು ದಾಟಿದ ಮೇಲೆ.

ಹುಲಿಗಳು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದವು. ಕರಡಿಯ ಮುಂದೆ ನಿಂತು ಅಮರಪ್ಪ ತನ್ನ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ನಡಿಗೆಯನ್ನು ಮಾಡಿ ತೋರಿಸುತ್ತಿದ್ದ. ಕರಡಿ ನೋಡಲು ಬಂದವರಲ್ಲಿ ಅರ್ಧ ಜನ ಅವನ ಕಡೆ ತಿರುಗಿದ್ದರು. ಈ ಗದ್ದಲದಲ್ಲಿ ಮುತ್ತಣ್ಣನೂ ಮಹಾದೇವಿಯೂ ನೀರಾನೆಯ ಕೊಳದ ಬೇಲಿಯ ಬಳಿ ಉಳಿದರು. ನೀರಾನೆ ಕಾಣುತ್ತಿರಲಿಲ್ಲ. ಎರಡು ಕಿವಿ ಮಾತ್ರ ನೀರಿನ ಮೇಲಿದ್ದವು.

ಏನಾದರೂ ಮಾತು ತೆಗೆಯಬೇಕಲ್ಲ. “ಇಲ್ಲಿ ಮಂದಿ ಮಾತು ನಿಮಗ ತಿಳೀತೈತೇನ್ರಿ?” ಎಂದ ಮುತ್ತಣ್ಣ. “ನನಗ ಇನ್ನೂ ಅರ್ಧ ತಿಳಿಯಂಗಿಲ್ಲ. ನಿನ್ನೆ ಮಾಲಕ್ರು ಏನೇನೋ ಕೇಳಿದ್ರು.”

“ಮೊದಲು ನನಗೂ ತಿಳೀತಿರಲಿಲ್ಲ” ಎಂದಳು ಮಹಾದೇವಿ. “ಬಂದ ಹೊಸತಾಗ ಒಂದು ಅಂಗಿ ತೋಳು ಸುಟ್ಟಿತ್ತು. ಹೆಲ್ಪರ್ ಹುಡುಗಿಗೆ ಇದನ್ನ ಒಗಿ ಅಂದೆ. ನಮ್ಮ ಕಡೆ ಒಗಿ ಅಂದ್ರ ಬಿಸಾಕು. ಆಕಿ ನಳದ ಬುಡಕ ಕುಂತು, ಸೋಪು ಹಚ್ಚಿ ಒಗದು, ಹಿಂಡಿ, ಒಣಗಸಿ, ಇಸ್ತ್ರಿ ಮಾಡಿ ತಂದುಕೊಟ್ಳು. ಸೂಪರ್‌ವೈಸರ್ ಇಬ್ಬರಿಗೂ ಬೈದ.” ಅವಳು ನಕ್ಕಳು. “ಆವತ್ತಿನಿಂದ ಒಂದು ಮಾತು ಬಾಯಿಂದ ಹೊರಗ ಬರಬೇಕಾದ್ರ, ನಮ್ಮ ಕಡೆ ಏನು, ಇವರ ಕಡೆ ಏನು, ಎರಡೂ ತೂಗಿ ನೋಡಿನ ಬಿಡ್ತೀನಿ. ಈಗ ತಪ್ಪಂಗಿಲ್ಲ ನಾ.”

“ನೀವು ಶ್ಯಾಣ್ಯಾರು” ಎಂದ ಮುತ್ತಣ್ಣ. ಕಿವಿ ಬೆಚ್ಚಗಾಗಿತ್ತು. “ಒಂದು ಮಾತು ಕೇಳಬೇಕಿತ್ತು ನಿಮ್ಮನ್ನ.”

“ಕೇಳ್ರಿ.”

ಮುತ್ತಣ್ಣ ಬೇಲಿ ಹಿಡಿದುಕೊಂಡ. ನೀರಾನೆಯ ಕಿವಿಯೊಂದು ಅವನ ಕಡೆ ಹೊರಳಿತು.

“ಚುರುಮುರಿ!” ಎಂದ ಅಮರಪ್ಪ, ಇಬ್ಬರ ನಡುವೆ ಎರಡು ಪೊಟ್ಟಣ ತೂರಿಸಿ. “ಇದೇನು ಕಿವಿ ನೋಡಾಕ ಟಿಕೀಟು ತಗಸ್ಯಾರೇನು? ನಡೀರಿ, ಅಲ್ಲಿ ಆನಿ ಜಳಕ ಮಾಡಾಕತ್ತೈತಿ!”

ಮಹಾದೇವಿ ಪೊಟ್ಟಣ ತೆಗೆದುಕೊಂಡು ಒಂದು ಗಳಿಗೆ ಕಾದಳು. ಆಮೇಲೆ ಆನೆಯ ಕಡೆ ನಡೆದಳು.

ವಾಪಸು ಬರುವಾಗ ಬಸ್ಸಿನಲ್ಲಿ ಮುತ್ತಣ್ಣ ಲೆಕ್ಕ ಹಾಕಿದ: ಇನ್ನುಳಿದಿರುವುದು ಊಟ, ಊಟವಾದ ಮೇಲೆ ಮೆಜೆಸ್ಟಿಕ್ಕಿನ ಬಸ್ಸು. ಊಟದಲ್ಲಿ ಎಲ್ಲರೂ ಇರುತ್ತಾರೆ. ಬಸ್ಸಿನಲ್ಲಿ ಅವನೊಬ್ಬನೇ ಇರುತ್ತಾನೆ.

ರಾಮಮ್ಮನ ಅಂಗಳದಲ್ಲಿ ಪೆಂಡಾಲೊಂದಿರಲಿಲ್ಲ, ಉಳಿದೆಲ್ಲ ಇತ್ತು. ಬಾಳೆಲೆ, ಹೊಸ ಚಾಪೆ, ಮೂಲೆಯಲ್ಲಿ ಒಲೆಯ ಮೇಲೆ ಕುರಿ ಸಾರು. ಅವಳ ಗಂಡ ದಾಸಪ್ಪ ಇಸ್ತ್ರಿಯ ಪಂಚೆ ಉಟ್ಟು, ಯಾರನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದೆ ಕೈ ಉಜ್ಜಿಕೊಳ್ಳುತ್ತಿದ್ದ. ಮುತ್ತಣ್ಣನನ್ನೂ ಅಮರಪ್ಪನನ್ನೂ ನಡುವೆ ಕೂರಿಸಿದರು. ಮಹಾದೇವಿ ಬಡಿಸಲು ನಿಂತಳು. ಎಲೆಯ ಮೇಲೆ ಮುದ್ದೆ ಬಿತ್ತು.

ರೊಟ್ಟಿ ತಿಂದು ಬೆಳೆದ ದವಡೆ ಏನು ಸಿಕ್ಕರೂ ಅಗಿಯುತ್ತದೆ. ಮುತ್ತಣ್ಣ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ಅಗಿಯತೊಡಗಿದ. ಅದು ಹಲ್ಲಿಗೆ ಅಂಟಿತು, ಅಂಗುಳಿಗೆ ಅಂಟಿತು. ಅಗಿದಷ್ಟೂ ಹೆಚ್ಚುತ್ತಾ ಹೋಯಿತು.

“ಅಗೀಬಾರ್ದು ಕಣಪ್ಪಾ!” ರಾಮಮ್ಮ ಕೂಗಿದಳು. “ಅಗುದ್ರೆ ಇವತ್ತೆಲ್ಲ ಅಗೀತಾನೇ ಇರ್ಬೇಕು. ಉಂಡೆ ಮಾಡು, ಗುಳುಕ್ ಅಂತ ನುಂಗು. ಯೋಚ್ನೆ ಮಾಡ್ಬಾರ್ದು.”

ಹೇಳುವುದು ಸುಲಭ. ಮುತ್ತಣ್ಣ ಕಣ್ಣು ಒದ್ದೆ ಮಾಡಿಕೊಂಡು ಇನ್ನೂ ಅಗಿಯುತ್ತಿರುವಾಗಲೇ ರಾಮಮ್ಮ ಸೆರಗು ಸರಿಮಾಡಿಕೊಂಡು ಅವನೆದುರು ಕುಳಿತಳು. “ಸರಿ, ಹುಡುಗೀನ ನೋಡ್ದಂಗಾಯ್ತು, ತಿರುಗಾಡ್ದಂಗೂ ಆಯ್ತು. ಏನಪ್ಪಾ, ಹುಡುಗಿ ಒಪ್ಪಿಗೇನಾ? ಎಲೆ ಅಡ್ಕೆ ಯಾವಾಗ ಇಟ್ಕೊಳ್ಳೋಣ?”

ಹನುಮೇಶ ಎತ್ತಿದ ತುತ್ತನ್ನು ಎಲೆಗೇ ಇಳಿಸಿದ.

“ಯಾವ ಹುಡುಗೀರಿ?” ಎಂದ ಹನುಮೇಶ.

“ಯಾವ ಹುಡುಗಿ ಅಂದ್ರೆ? ಬೀಗ್ರು ಬತ್ತಾರೆ ಅಂತ ನೀರ್ ಬಿಡ್ಸ್ಕೊಂಡ್ರಲ್ಲ ನೀವು!”

ಮೊದಲು ತಿಳಿದದ್ದು ಸವಿತಾಳಿಗೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಸಕ್ಕನಿಗೆ ತಿಳಿದು, ಅವಳು ಮುಚ್ಚಿಕೊಳ್ಳದೆಯೇ ನಕ್ಕಳು. ಅಮರಪ್ಪ ಎಲೆಯ ಮುಂದೆಯೇ ತೊಡೆ ತಟ್ಟಿಕೊಂಡ. “ಅಯ್ಯೋ ಅಮ್ಮಾರ, ನಮ್ಮ ಕಡೆ ಮನಿಗೆ ಯಾರು ಬಂದ್ರೂ ಬೀಗರ್ರಿ! ಬೆಕ್ಕು ಬಂದ್ರೂ ಬೀಗರು! ಇಂವಾ ಬೀಗ, ನಾ ಬೀಗ, ಇವತ್ತಿಂದ ನೀವೂ ಬೀಗರು! ಮುತ್ತಣ್ಣ ಮದುಮಗ! ಬಕೆಟ್ಟು ತಂದಾನಲ್ಲ ಹುಡುಗಿಗೆ ಉಡುಗೊರಿ!”

ಎಲ್ಲರೂ ನಕ್ಕರು. ನಗು ನಿಂತಿತು ಎನ್ನುವಾಗ ಯಾರೋ “ಬಕೆಟ್ಟು” ಎನ್ನುವರು, ಮತ್ತೆ ಏಳುವುದು. ಮುತ್ತಣ್ಣನೂ ನಗುವ ಪ್ರಯತ್ನ ಮಾಡಿದ, ಆದರೆ ಬಾಯಲ್ಲಿ ಮುದ್ದೆಯಿತ್ತು. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ವೈಟ್‌ಫೀಲ್ಡಿನಿಂದ ಕುಷ್ಟಗಿಯವರೆಗೆ ಅಮರಪ್ಪ ಇದನ್ನು ಹೇಳುತ್ತಾನೆ. ನಡಿಗೆ, ದನಿ, ಎಲ್ಲ ಸೇರಿಸಿ ಮಾಡಿ ತೋರಿಸುತ್ತಾನೆ. ಇನ್ನು ಮುಂದೆ ಮುತ್ತಣ್ಣ ಮಹಾದೇವಿಯನ್ನು ಏನು ಕೇಳಿದರೂ ಅದು ಆ ತಮಾಷೆಯ ಮುಂದಿನ ಭಾಗ. ಇವತ್ತಿಗೆ ಅವಳನ್ನು ಕೇಳುವ ಮಾತು ಮುಗಿಯಿತು, ಕೇಳುವುದಕ್ಕೆ ಮೊದಲೇ.

ನಗದೆ ಇದ್ದವಳು ರಾಮಮ್ಮ ಒಬ್ಬಳು. ಅವಳು ಒಲೆಯ ಕಡೆ ನೋಡುತ್ತಿದ್ದಳು. “ಅಂಗಾದ್ರೆ,” ಎಂದಳು ಸಣ್ಣ ದನಿಯಲ್ಲಿ, “ನಾನ್ ಮಾಡಿದ್ದು ಯಾರ ಊಟ?”

ಮುತ್ತಣ್ಣ ಬಾಯಲ್ಲಿದ್ದುದನ್ನು ಹೇಗೋ ಒಳಗೆ ತಳ್ಳಿದ. “ಅಮ್ಮಾರ,” ಎಂದ. ದನಿ ಏರಿಬಿಟ್ಟಿತು; ಅಮರಪ್ಪ ಕೂಡ ತಿರುಗಿದ. “ನೀವು ನನಗ ಒಂದು ಮಾತು ಕೇಳಿದ್ರಿ. ಅದಕ್ಕ ನಾ ಇನ್ನೂ ಜವಾಬು ಕೊಟ್ಟಿಲ್ಲ.”

“ಏನ್ ಕೇಳ್ದೆ?”

“ಹುಡುಗಿ ಒಪ್ಪಿಗಿ ಏನು ಅಂತ. ನನಗ ಒಪ್ಪಿಗಿ ಐತ್ರಿ. ಭಾಳ ದಿನದಿಂದ ಐತಿ. ಆಕೀನ ಕೇಳಬೇಕಂತ ನಿನ್ನೆಯಿಂದ ಜಾಗ ಹುಡುಕಾಕತ್ತೀನಿ. ಈ ಮನಷ್ಯಾ ಬಿಡವಲ್ಲ.” ಅವನು ಅಮರಪ್ಪನ ಕಡೆ ಕೈ ಮಾಡಿದ.

ಅಮರಪ್ಪ ಬಾಯಿ ತೆರೆದ. ಹೇಳಲು ಏನೂ ಸಿಗದೆ ಹಾಗೇ ಇಟ್ಟುಕೊಂಡ. ಬಸಕ್ಕ ಕೂಡ ಅದನ್ನು ನೋಡಿದ್ದು ಅದೇ ಮೊದಲು.

ಈಗ ಎಲ್ಲರೂ ಮಹಾದೇವಿಯತ್ತ ನೋಡಿದರು. ಅವಳು ಮುದ್ದೆಯ ಪಾತ್ರೆ ಹಿಡಿದು ನಿಂತಿದ್ದಳು. ಸವಿತಾಳ ಮುಖದಲ್ಲಿ ನಗು ಆರಿ ಬೇರೇನೋ ಬಂದಿತ್ತು. “ಮಾದೇವಿ,” ಎಂದಳು, “ನೀರಿಗೆ ಹೋದಾಗ ನೀ ಅಮ್ಮಾರಿಗೆ ಏನಂತ ಹೇಳಿದಿ?”

“ಬೀಗರು ಬರ್ತಾರಂತ ಹೇಳಿದೆ.”

“ನಾ ಮಂದಿ ಬರ್ತಾರಂತ ಹೇಳು ಅಂದಿದ್ದೆ.”

“ಹೂಂ, ಅಂದಿದ್ದಿ.”

“ಇಲ್ಲಿ ಬೀಗರಂದ್ರ ಏನಂತ ಗೊತ್ತಿರಲಿಲ್ಲೇನು ನಿನಗ?”

“ಗಾರ್ಮೆಂಟ್ಸಿನ್ಯಾಗ ನನ್ನ ಲೈನಿನ್ಯಾಗ ಇರೋರೆಲ್ಲ ಆನೇಕಲ್ಲು, ಜಿಗಣಿ ಹುಡುಗ್ಯಾರು” ಎಂದಳು ಮಹಾದೇವಿ. “ತಿಂಗಳಿಗೊಮ್ಮಿ ಯಾರದರ ಬೀಗರೂಟ ಅಂತ ರಜಾ ಹಾಕ್ತಾರ. ಗೊತ್ತಿಲ್ಲದ ಇರ್ತೈತೇನು, ಅಕ್ಕಾ?”

ಮುತ್ತಣ್ಣನಿಗೆ ನೀರಾನೆಯ ಕಿವಿ ನೆನಪಾಯಿತು. ಈಗ ತಪ್ಪಂಗಿಲ್ಲ ನಾ, ಎಂದಿದ್ದಳು.

“ಎರಡು ವರ್ಷ ನೋಡಿದೆ” ಎಂದಳು ಅವಳು ಅಕ್ಕನಿಗೆ, ಅವನ ಕಡೆ ನೋಡದೆ. “ಮನಿ ತುಂಬ ಬಕೆಟ್ಟಾದ್ವು. ಮಾತು ಬರಲಿಲ್ಲ.” ಆಮೇಲೆ ಮುಂದೆ ಬಂದು, ಬಗ್ಗಿ, ಮುತ್ತಣ್ಣನ ಎಲೆಗೆ ಇನ್ನೊಂದು ಮುದ್ದೆ ಇಟ್ಟಳು.

“ಇದನ್ನರ ಅಗೀಬ್ಯಾಡ್ರಿ” ಎಂದಳು.

ಮುತ್ತಣ್ಣ ಒಂದು ತುತ್ತು ಮುರಿದ. ಉಂಡೆ ಮಾಡಿದ, ಸಾರಿಗೆ ಅದ್ದಿದ, ಕಣ್ಣು ಮುಚ್ಚಿ ನುಂಗಿದ.

“ಹಾಂ,” ಎಂದಳು ರಾಮಮ್ಮ, ಒಲೆಯ ಕಡೆಗೆ ಏಳುತ್ತಾ. “ಅಂಗೆ.”